ಹಳೇ ಮನೆ ಒಡೆಸ್ತಿದ್ದೀವಿ, ಡೆಬ್ರಿಸ್ ಏನು ಮಾಡೋದು?

ಕೇಳಿದವರು: ಬೆಂಗಳೂರಲ್ಲಿ 30x40 ಅಡಿ ಸೈಟು. ಇಟ್ಟಿಗೆ ಗೋಡೆ, 600 ಚದರ ಅಡಿ ಮೌಲ್ಡ್ (ಕಾಂಕ್ರೀಟ್ ಛಾವಣಿ), ಹಿಂದೆ ಕಲ್ನಾರು (ಆಸ್ಬೆಸ್ಟಾಸ್) ಶೀಟಿನ ಶೆಡ್. ಎಷ್ಟು ಡೆಬ್ರಿಸ್ ಬರುತ್ತೆ? ಏನು ಉಳಿಸಿಕೊಳ್ಳಬಹುದು? ಮಿಕ್ಕಿದ್ದು ಎಲ್ಲಿಗೆ? ತಿಳಿದವರು ಹೇಳಿ.

ಒಡೆಯೋ ಕಂಟ್ರ್ಯಾಕ್ಟರ್: ಸರ್, ಮೊದಲು ಲೆಕ್ಕ ಹಾಕಿ. 5 ಇಂಚಿನ ಮೌಲ್ಡ್ ಅಂದರೆ 250 ಘನ ಅಡಿ, ಹತ್ತಿರ ಹತ್ತಿರ 18 ಟನ್. 9 ಇಂಚಿನ ಗೋಡೆ 10 ಅಡಿ ಉದ್ದ, 10 ಅಡಿ ಎತ್ತರಕ್ಕೆ 75 ಘನ ಅಡಿ, 4 ಟನ್. ಒಡೆದ ಮೇಲೆ ಎಲ್ಲ ಉಬ್ಬುತ್ತೆ, ಒಂದಕ್ಕೆ ಒಂದೂವರೆ ಹಿಡಿಯಿರಿ. ಗಟ್ಟಿ ಅಳತೆಯಲ್ಲೇ ಟಿಪ್ಪರ್ ಮಾತಾಡಿದರೆ ಕೊನೆಯ ಲೋಡುಗಳು ರಸ್ತೆ ಬದಿಯಲ್ಲೇ ಉಳಿಯುತ್ತವೆ.

ಜೆಸಿಬಿ ತಂದು ಒಂದೇ ಸಲ ಕೆಡವಬೇಡಿ. ಕರೆಂಟು, ನೀರು ಕಟ್ ಆದ ಮೇಲೆ ಬಾಗಿಲು, ಕಿಟಕಿ, ಗ್ರಿಲ್ಲು, ವೈರು ಬಿಚ್ಚಿಸಿ. ಆಮೇಲೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸೀಲಿಂಗ್ ಪೂರ್ತಿ ಕೆರೆದು ಚೀಲಕ್ಕೆ ತುಂಬಿಸಿ. ಕಾಂಕ್ರೀಟು ಒಡೆಯೋ ಬ್ರೇಕರ್ ಮಷೀನು ಬರಬೇಕಾದ್ದು ಆಮೇಲೆ. ಮೌಲ್ಡ್ ಕಂಬಿ ಗುಜರಿಗೆ ಹೋಗುತ್ತೆ. ಸುತ್ತಿಗೆಯಲ್ಲಿ ನೆಟ್ಟಗೆ ಮಾಡಿ ಹೊಸ ಕಾಲಮ್ಮಿಗೆ ಹಾಕೋಣ ಅಂದರೆ ಒಪ್ಪಬೇಡಿ.

ಎಂಜಿನಿಯರ್: ಪಿಒಪಿ ಬಗ್ಗೆ ಹೇಳಿದ್ದು ತುಂಬ ಮುಖ್ಯ. ಅದರಲ್ಲಿರೋದು ಜಿಪ್ಸಮ್, ಅಂದರೆ ಸಲ್ಫೇಟ್. ಪಾಯದೊಳಗಿನ ಫಿಲ್ಲಿಂಗಿಗೆ ಸೇರಿದರೆ ತೇವ ಸಿಕ್ಕಾಗ ಸಿಮೆಂಟಿನ ಜೊತೆ ಸೇರಿ ಹಿಗ್ಗಿ ಕಾಂಕ್ರೀಟು ಸೀಳುತ್ತೆ. ಮರದ ಚೂರು ಉಳಿದರೆ ಗೆದ್ದಲು. ಇವೆರಡೂ ಇಲ್ಲದ ಇಟ್ಟಿಗೆ ಚೂರು ಫಿಲ್ಲಿಂಗಿಗೆ ಚೆನ್ನಾಗಿಯೇ ಆಗುತ್ತೆ. 6 ಇಂಚಿನ ಪದರ ಹಾಕಿ, ಸಂದಿಗೆ ಮಣ್ಣು ಇಳಿಸಿ, ನೀರು ಬಿಟ್ಟು ದಮ್ಮಸ್ಸು ಹೊಡೆಸಿ. ಎರಡಡಿ ಒಟ್ಟಿಗೆ ಸುರಿದರೆ ವರ್ಷದೊಳಗೆ ಟೈಲ್ಸ್ ಕುಸಿಯುತ್ತೆ.

ಒಡೆದ ಕಾಂಕ್ರೀಟಿನಿಂದ ಮಾಡಿದ ಜಲ್ಲಿಗೆ ಭಾರತೀಯ ಮಾನದಂಡ ಐಎಸ್ 383ರ 2016ರ ಪರಿಷ್ಕರಣೆಯಲ್ಲಿ ಮಿತಿ ಇದೆ: ಕಂಬಿ ಇಲ್ಲದ ಕಾಂಕ್ರೀಟಿಗೆ ಒಟ್ಟು ಜಲ್ಲಿಯಲ್ಲಿ ಶೇ. 25, ಆರ್‌ಸಿಸಿಗೆ (ಕಂಬಿ ಹಾಕಿದ ಕಾಂಕ್ರೀಟಿಗೆ) ಎಂ25 ಅನ್ನೋ ಬಲದ ದರ್ಜೆಯವರೆಗೆ ಮಾತ್ರ ಶೇ. 20, ಎಂ15ಕ್ಕಿಂತ ಕೆಳಗಿನ ದರ್ಜೆಯ ಬೆಡ್ಡಿಗೆ (ಪಾಯದಡಿಯ ಕಾಂಕ್ರೀಟ್ ಹಾಸಿಗೆ) ಪೂರ್ತಿ. ಈ ಜಲ್ಲಿಗೆ ಹಳೇ ಗಾರೆ ಅಂಟಿರುತ್ತೆ, ನೀರು ಹೀರುತ್ತೆ. ಮೊದಲೇ ನೆನೆಸದಿದ್ದರೆ ಮಿಕ್ಸು ಗಟ್ಟಿಯಾಗುತ್ತೆ, ಹುಡುಗರು ನೀರು ಜಾಸ್ತಿ ಸುರೀತಾರೆ, ಬಲ ಹೋಗುತ್ತೆ.

ಮೇಸ್ತ್ರಿ: ಮಣ್ಣಿನ ಗಾರೆ ಗೋಡೆಯಾದರೆ ಇಟ್ಟಿಗೆ ಇಡಿಯಾಗಿ ಬರುತ್ತೆ ಸಾರ್, ಕೈಯಲ್ಲೇ ಬಿಚ್ಚಿಸಿ, ಕಾಂಪೌಂಡಿಗೆ ಆಗುತ್ತೆ. ಸಿಮೆಂಟ್ ಗಾರೆಯಾದರೆ ಬಿಡಿಸೋ ಕೂಲಿಯೇ ಹೆಚ್ಚು.

ಎಂಜಿನಿಯರ್: ಶೆಡ್ಡು ಮರೆಯಬೇಡಿ. ಕಲ್ನಾರಿನ ಪುಡಿ ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ಬರಬಹುದು, ಬಟ್ಟೆ ಮಾಸ್ಕು ತಡೆಯಲ್ಲ. ಶೀಟು ನೆನೆಸಿ, ಶೀಟು ಹಿಡಿದಿರೋ ತುಕ್ಕು ಹಿಡಿದ ಜೆ ಬೋಲ್ಟನ್ನು (ಕೊಕ್ಕೆ ಬೋಲ್ಟು) ಬೋಲ್ಟ್ ಕಟ್ಟರಿನಲ್ಲಿ ಕತ್ತರಿಸಿ ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಡೆಬ್ರಿಸ್ ಲೋಡಿಗೆ ಒಂದು ಚೂರೂ ಸೇರಬಾರದು. ದಯವಿಟ್ಟು ಕೆಲಸದವರಿಗೂ ಇದನ್ನು ಹೇಳಿ.

ಒಡೆಯೋ ಕಂಟ್ರ್ಯಾಕ್ಟರ್: ಮಿಕ್ಕಿದ್ದಕ್ಕೆ ಬೆಂಗಳೂರಿನ ಉತ್ತರಕ್ಕಿರೋ ಚಿಕ್ಕಜಾಲದಲ್ಲಿ ಡೆಬ್ರಿಸ್ ಸಂಸ್ಕರಣಾ ಘಟಕ ಇದೆ. ಮನೆ ಕಸ, ಮಣ್ಣು ಬೆರೆಸದೆ ಕಳಿಸಿ. "ನಾವೇ ಎಲ್ಲಾದರೂ ಹಾಕ್ತೀವಿ" ಅನ್ನುವವರ ಲೋಡು ರಾಜಕಾಲುವೆಗೋ ಕೆರೆ ಅಂಚಿಗೋ ಹೋಗಿ, ಮಳೆಗಾಲದಲ್ಲಿ ಯಾರದೋ ಮನೆಗೆ ನೀರು ನುಗ್ಗುತ್ತೆ. ಬಾಡಿಗೆಯಲ್ಲಿ ಒಂದು ಭಾಗ ಹಿಡಿದಿಟ್ಟು, ಪ್ರತಿ ಟ್ರಿಪ್ಪಿಗೆ ಘಟಕದ ತೂಕದ ಚೀಟಿ ಕೈಗೆ ಬಂದ ಮೇಲೆ ಕೊಡಿ.