ಸಹಾಯ ಬೇಕು: ಟಿವಿ ಗೋಡೆಯ ಸಾಕೆಟ್ ಕಾಣದ ಹಾಗೆ ಮಾಡೋದು ಹೇಗೆ?

ಹಾಲ್‌ನ ಟಿವಿ ಗೋಡೆಗೆ ಕಂದು ಮರದ ಪ್ಯಾನೆಲ್ ಹಾಕಿಸುತ್ತಿದ್ದೇವೆ. ನಡುವೆ ಬಿಳಿ ಸ್ವಿಚ್‌ಬೋರ್ಡ್ ಎದ್ದು ಕಾಣುತ್ತೆ. ಕಂದು ಪ್ಲೇಟ್ ಹಾಕಿಸಿ ನೋಡಿದೆವು. ಪ್ಲೇಟೇನೋ ಮರೆಯಾಯಿತು, ಜೋತು ಬಿದ್ದ ವೈರು ಹಾಗೇ ಇದೆ! ಬೋರ್ಡನ್ನು ಟಿವಿ ಹಿಂದಕ್ಕೆ ಸರಿಸಿದರೆ ಪ್ಲಗ್ ಅಡ್ಡ ಬಂದು ಟಿವಿ ಗೋಡೆಗೆ ಒತ್ತಿ ಕೂರಲ್ಲ.

ಪ್ಯಾನೆಲ್‌ನಿಂದಲೇ ಪೂರ್ತಿ ಮುಚ್ಚಿಬಿಡಿ ಅಂತಾರೆ ಬಡಗಿ. ಎಲೆಕ್ಟ್ರಿಷಿಯನ್ ಒಪ್ಪುತ್ತಿಲ್ಲ. ಜಾಯಿಂಟ್ ಸಡಿಲವಾದರೆ ಬಿಸಿಯಾಗುತ್ತೆ, ಅದು ಯಾವಾಗಲೂ ಕೈಗೆ ಸಿಗುವಂತಿರಬೇಕು ಅಂತಾರೆ. ನನಗೂ ಅದೇ ಸರಿ ಅನ್ನಿಸುತ್ತೆ.

ಉಳಿದಿರೋದು ಟಿವಿ ಹಿಂದೆ ಗೋಡೆಯೊಳಗೆ ತಗ್ಗಿಸಿದ ಬಾಕ್ಸ್, ಇಲ್ಲವೇ ಕೆಳಗಿನ ಕ್ಯಾಬಿನೆಟ್ ಒಳಗೆ ಸಾಕೆಟ್. ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಬೇರೆ ಜಾಸ್ತಿ ದಪ್ಪ. ಮಾಡಿಸಿದವರು ಹೇಳಿ: ತಗ್ಗು ಎಷ್ಟು ಇಂಚು ಬೇಕು? ಕ್ಯಾಬಿನೆಟ್ ಆದರೆ ಗಾಳಿಯಾಡಲು ಹಿಂಬದಿ ತೆರೆದಿಟ್ಟರೆ ಸಾಕಾ?