ಗುಣಕ ಸೊನ್ನೆಯಾಗುವ ತರಂಗ ಸಮೀಕರಣ: ಅನುಭವವಿದ್ದವರು ದಾರಿ ಹೇಳಿ

ಪ್ರಶ್ನೆ: ಅರೇಖೀಯ ಡಿಜೆನರೇಟ್ (ಗುಣಕ ಎಲ್ಲೋ ಸೊನ್ನೆಯಾಗುವ) ತರಂಗ ಸಮೀಕರಣವೊಂದಕ್ಕೆ ಸಾರ್ವಕಾಲಿಕ ಪರಿಹಾರವಿದೆ ಎಂದು ಸಾಧಿಸಲು ಆರು ತಿಂಗಳಿಂದ ಹೆಣಗುತ್ತಿದ್ದೇನೆ. ಲಾಪ್ಲಾಸಿಯನ್‌ನ (ಸ್ಥಳದ ಎರಡನೇ ಅವಕಲನಗಳ ಮೊತ್ತದ) ಮುಂದಿರುವ ಗುಣಕ ಕಾಲದ ವರ್ಗ. ಆರಂಭದ ಕ್ಷಣದಲ್ಲೇ ಅದು ಸೊನ್ನೆ. ಆರಂಭಿಕ ದತ್ತ ಚಿಕ್ಕದಿದ್ದರೂ ಶಕ್ತಿಯ ಅಂದಾಜು (ಪರಿಹಾರದ ಶಕ್ತಿ ಎಷ್ಟು ಬೆಳೆಯಬಲ್ಲದು ಎಂಬ ಮಿತಿ) ಮೊದಲ ಹೆಜ್ಜೆಯಲ್ಲೇ ಕೈಕೊಡುತ್ತದೆ. ನೀವೆಲ್ಲ ಇದನ್ನು ಹೇಗೆ ದಾಟಿದಿರಿ?

ಉತ್ತರ 1: ನಾನೂ ಅಲ್ಲೇ ಒಂದು ವರ್ಷ ಸಿಕ್ಕಿಬಿದ್ದಿದ್ದೆ. ರೇಖೀಯ ಭಾಗವನ್ನಷ್ಟೇ ತೆಗೆದುಕೊಳ್ಳಿ. ಶಕ್ತಿಯ ಏರಿಕೆಯ ದರಕ್ಕೆ ಸಿಗುವ ಮಿತಿ, ಶಕ್ತಿಯ ಎರಡರಷ್ಟನ್ನು ಕಾಲದಿಂದ ಭಾಗಿಸಿದ್ದು. ಸೊನ್ನೆಯಿಂದ ಅನುಕಲಿಸಿದರೆ ಅದು ಅನಂತ. ಏರಿಕೆಯ ದರದ ಮಿತಿಯಿಂದ ಶಕ್ತಿಗೇ ಮಿತಿ ಕೊಡುವ ಗ್ರಾನ್‌ವಾಲ್ ಅಸಮತೆ ಅಲ್ಲಿಗೇ ನಿಂತುಹೋಗುತ್ತದೆ. ನನ್ನನ್ನು ದಡ ಸೇರಿಸಿದ್ದು ಫೂರಿಯರ್ ಬದಿ, ಅಂದರೆ ಪರಿಹಾರವನ್ನು ಬೇರೆಬೇರೆ ಆವೃತ್ತಿಯ ಅಲೆಗಳಾಗಿ ಬಿಡಿಸಿ ನೋಡುವುದು. ಪ್ರತಿ ಆವೃತ್ತಿಗೂ ಅದರದೇ ಗಡಿಕ್ಷಣವಿಡಿ: ಕಾಲವನ್ನು ಆವೃತ್ತಿಯ ವರ್ಗಮೂಲದಿಂದ ಗುಣಿಸಿದರೆ 1 ಬರುವ ಕ್ಷಣ. ಅದಕ್ಕೆ ಮೊದಲು ಗುಣಕದ ಜಾಗದಲ್ಲಿ ಗಡಿಯಲ್ಲಿನ ಅದರ ಬೆಲೆಯನ್ನಿಟ್ಟ ಶಕ್ತಿ, ಆಮೇಲೆ ನಿಜವಾದ ಶಕ್ತಿ. ಮೊದಲ ಭಾಗದಲ್ಲಿ ಏರಿಕೆ ಒಂದು ಸ್ಥಿರಾಂಕ ಮೀರುವುದಿಲ್ಲ. ತೆರಬೇಕಾದ ಬೆಲೆ ಇಷ್ಟೇ: ಆರಂಭಿಕ ವೇಗಕ್ಕೆ, ಸಾಮಾನ್ಯ ತರಂಗ ಸಮೀಕರಣ ಕೇಳುವುದಕ್ಕಿಂತ ಅರ್ಧ ಅವಕಲನದಷ್ಟು (ಫೂರಿಯರ್ ಬದಿಯಲ್ಲಿ ಆವೃತ್ತಿಯ ವರ್ಗಮೂಲದಷ್ಟು) ಹೆಚ್ಚು ನಯ ಬೇಕು. ಈ ಅರ್ಧ ಕೈಗೆ ಬಂದ ದಿನ ನನಗೆ ಸಮೀಕರಣ ಅರ್ಥವಾಯಿತು.

ಉತ್ತರ 2: ಅರೇಖೀಯ ಪದ ಪರಿಹಾರದ ಘಾತವೇ? ಹಾಗಿದ್ದರೆ ಮೊದಲು ಮಿತಿಘಾತ ನೋಡಿ, ಅಂದರೆ ಚಿಕ್ಕ ದತ್ತಕ್ಕೆ ಸಾರ್ವಕಾಲಿಕ ಪರಿಹಾರ ಸಿಗುವ ಘಾತಗಳ ಕೆಳಗಡಿ. ಮೂರು ಆಯಾಮದ ಸಾಮಾನ್ಯ ತರಂಗ ಸಮೀಕರಣಕ್ಕೆ ಗಣಿತಜ್ಞ ಫ್ರಿಟ್ಜ್ ಜಾನ್ 1979ರಲ್ಲಿ ತೋರಿಸಿದ ಗಡಿ 1+√2. ಅದಕ್ಕಿಂತ ಕೆಳಗೆ, ದತ್ತ ಎಷ್ಟೇ ಚಿಕ್ಕದಾದರೂ ಪರಿಹಾರ ಸ್ಫೋಟಗೊಳ್ಳುತ್ತದೆ, ಅಂದರೆ ಸೀಮಿತ ಕಾಲದಲ್ಲೇ ಅನಂತಕ್ಕೇರುತ್ತದೆ. ನಿಮ್ಮಲ್ಲಿ ಗಡಿ ಬೇರೆ. ಆಯಾಮದ ಜೊತೆಗೆ ಗುಣಕದ ಘಾತವೂ ಅದನ್ನು ನಿರ್ಧರಿಸುತ್ತದೆ. ಗಡಿಯ ಕೆಳಗೆ ನಿಂತು ಅಂದಾಜು ಹುಡುಕಿ ನಾನು ಕಳೆದ ತಿಂಗಳುಗಳನ್ನು ನೀವೂ ಕಳೆಯಬೇಡಿ.

ಉತ್ತರ 3: ನನ್ನದು ಕಿರ್ಚಾಫ್ ಸಮೀಕರಣ, ಕಂಪಿಸುವ ತಂತಿಯ ಹಿಗ್ಗುವಿಕೆಯನ್ನೂ ಲೆಕ್ಕಕ್ಕೆ ಹಿಡಿಯುವ ತರಂಗ ಸಮೀಕರಣ. ಅಲ್ಲಿ ಗುಣಕ ಪರಿಹಾರದ್ದೇ ಗ್ರೇಡಿಯಂಟ್‌ನಿಂದ (ಸ್ಥಳದಿಂದ ಸ್ಥಳಕ್ಕೆ ಬದಲಾಗುವ ದರದಿಂದ) ಹುಟ್ಟುತ್ತದೆ. ಅಲೆ ತಗ್ಗಿದಂತೆ ಗುಣಕವೂ ಸೊನ್ನೆಯತ್ತ ಜಾರುತ್ತದೆ. ವೇಗಕ್ಕೆ ಅನುಗುಣವಾದ ಡ್ಯಾಂಪಿಂಗ್ (ಅಲೆಯನ್ನು ತಗ್ಗಿಸುವ ತಡೆ) ಇತ್ತು, ಅದೇ ಕಾಪಾಡಿತು. ಶಕ್ತಿಯಲ್ಲಿನ ವೇಗದ ಭಾಗವನ್ನು ಗುಣಕದಿಂದ ಭಾಗಿಸಿ. ಡ್ಯಾಂಪಿಂಗ್‌ನ ಗುಣಾಂಕ 1 ಆಗಿದ್ದು, ಗುಣಕದ ಸಾಪೇಕ್ಷ ಬದಲಾವಣೆ (ಅದರ ಬದಲಾವಣೆಯ ದರವನ್ನು ಅದರಿಂದಲೇ ಭಾಗಿಸಿದ್ದು) 2 ಮೀರದಿರುವಷ್ಟು ಕಾಲ ಈ ಹೊಸ ಶಕ್ತಿ ಏರುವುದಿಲ್ಲ. ಆ 2ನ್ನು ಕಾಯುವುದೇ ಬೂಟ್‌ಸ್ಟ್ರ್ಯಾಪ್ ವಾದದ (ಮಿತಿಯನ್ನು ಮೊದಲು ಊಹಿಸಿ, ಅದರಿಂದಲೇ ಇನ್ನೂ ಬಿಗಿಯಾದ ಮಿತಿ ಪಡೆಯುವ ವಾದದ) ಜೀವಾಳ, ದತ್ತದ ಚಿಕ್ಕತನ ಖರ್ಚಾಗುವುದೂ ಅಲ್ಲೇ.

ಉತ್ತರ 2, ಮತ್ತೆ: ಒಂದು ಎಚ್ಚರಿಕೆ. ಗುಣಕ ನಯವಾಗಿದೆ, ಋಣವಾಗುವುದಿಲ್ಲ ಎಂದಷ್ಟಕ್ಕೇ ನೆಮ್ಮದಿಯಾಗಿರಬೇಡಿ. ಅಂಥ ಗುಣಕವಿದ್ದೂ ರೇಖೀಯ ಸಮಸ್ಯೆಯೇ ಸುಸ್ಥಿತವಲ್ಲದ (ನಯವಾದ ದತ್ತಕ್ಕೆಲ್ಲ ಸರಿಯಾದ ಪರಿಹಾರ ಸಿಗದ) ಉದಾಹರಣೆಯನ್ನು ಗಣಿತಜ್ಞರಾದ ಕೊಲಂಬಿನಿ ಮತ್ತು ಸ್ಪಾನ್ಯೋಲೊ 1982ರಲ್ಲಿ ಕೊಟ್ಟರು. ಸೊನ್ನೆಯ ಹತ್ತಿರದ ಕೊನೆಯಿಲ್ಲದ ತುಯ್ದಾಟವೇ ಅಲ್ಲಿನ ಕೇಡು. ನಿಮ್ಮ ಗುಣಕ ಏಕಮುಖವಾಗಿ ಏರುತ್ತದೆ, ಅದೇ ನಿಮ್ಮ ಬಲ.

ಪ್ರಶ್ನಿಸಿದವರು: ನಿನ್ನೆ ರಾತ್ರಿ ಕುಳಿತು ಗಡಿಕ್ಷಣದ ಲೆಕ್ಕ ಮಾಡಿದೆ. ಅರ್ಧ ಅವಕಲನ ಬಂತು! ನನ್ನ ಅರೇಖೀಯ ಪದ ಮೂರನೇ ಘಾತ. ಇಂದು ಮಿತಿಘಾತ ಪರೀಕ್ಷಿಸುತ್ತೇನೆ.