ಬಿಆರ್‌ಸಿಎ1 ವರದಿಯಲ್ಲಿ 'ವಿಯುಎಸ್' ಬಂದರೆ? ಜೆನೆಟಿಕ್ ಕೌನ್ಸೆಲರ್ ಜೊತೆ ಪ್ರಶ್ನೋತ್ತರ

ಸದಸ್ಯೆ, ಹಾಸನ: ಮೇಡಂ, ಅಮ್ಮನಿಗೆ 41ಕ್ಕೇ ಸ್ತನ ಕ್ಯಾನ್ಸರ್ ಆಗಿತ್ತು. ನನ್ನ ಬಿಆರ್‌ಸಿಎ1 ಜೀನ್‌ನಲ್ಲಿ ಒಂದು ಅಕ್ಷರ ಬದಲಾಗಿದೆ, 'ವಿಯುಎಸ್' ಅಂತ ವರದಿ ಬಂದಿದೆ. ಮನೆಯವರು ಅಂಡಾಶಯ ತೆಗೆಸಿಬಿಡು ಅನ್ನುತ್ತಿದ್ದಾರೆ. ನನಗೆ 33.

ಕೌನ್ಸೆಲರ್: ದಯವಿಟ್ಟು ಆತುರ ಬೇಡ. ಬಿಆರ್‌ಸಿಎ1 ಜೀನ್ ಕೆಟ್ಟರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ, ನಿಜ. ಆದರೆ ವಿಯುಎಸ್ ಅಂದರೆ ಆ ಬದಲಾವಣೆಯಿಂದ ಕೆಡುಕಿದೆಯೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ ಎಂದರ್ಥ. ಅದೊಂದನ್ನೇ ನಂಬಿ ಆಪರೇಷನ್ ಮಾಡಿಸಬಾರದು.

ತಿಳಿಯುವ ಒಂದು ದಾರಿ ಇದೆ. 2018ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಕ್ರಿಸ್ಪರ್ ಎಂಬ ಜೀನ್ ಎಡಿಟ್ ಮಾಡುವ ತಂತ್ರದಿಂದ ಇದೇ ಜೀನ್‌ನಲ್ಲಿ ಸುಮಾರು 3,900 ಬದಲಾವಣೆಗಳನ್ನು ತಾವೇ ಮಾಡಿ ನೋಡಿದರು. ಒಂದೊಂದೂ ಒಂದೇ ಅಕ್ಷರದ್ದು. ಬಳಸಿದ್ದು ಹ್ಯಾಪ್1 ಎಂಬ ಕೋಶ. ಅದರಲ್ಲಿ ಜೀನ್‌ನ ಪ್ರತಿ ಒಂದೇ, ಕೆಟ್ಟರೆ ಕಾಪಾಡಲು ಇನ್ನೊಂದಿಲ್ಲ. ಬಿಆರ್‌ಸಿಎ1 ಪ್ರೋಟೀನ್ ಇಲ್ಲದೆ ಆ ಕೋಶ ಬದುಕುವುದಿಲ್ಲ. 11ನೇ ದಿನ ನೋಡಿದರೆ ಪ್ರೋಟೀನ್ ಕೆಟ್ಟ ಕೋಶಗಳು ಕರಗಿಹೋಗಿದ್ದವು. ಆದರೆ ಜಾಸ್ತಿ ಬದಲಾವಣೆಗಳಿಂದ ಪ್ರೋಟೀನ್‌ಗೆ ಏನೂ ಆಗಿರಲಿಲ್ಲ! ಪರೀಕ್ಷಿಸಿದ್ದು 13 ಎಕ್ಸಾನ್, ಅಂದರೆ ಪ್ರೋಟೀನಿನ ಸೂಚನೆ ಇರುವ ಜೀನ್ ತುಣುಕುಗಳು ಮಾತ್ರ; ಅವು ಪ್ರೋಟೀನಿನ ಎರಡು ತುದಿಯ ಮುಖ್ಯ ಭಾಗಗಳವು. ನಿಮ್ಮದು ಅಲ್ಲಿದೆಯಾ ನೋಡಬೇಕು. ವರದಿಯಲ್ಲಿ 'ಸಿ.' ಎಂದು ಶುರುವಾಗುವ ಗುರುತನ್ನು ನನಗೊಬ್ಬಳಿಗೇ ಕಳಿಸಿ. ಅಮ್ಮನ ಜೀನ್ ಪರೀಕ್ಷೆ ಆಗಿದೆಯಾ?

ಸದಸ್ಯ, ದಾವಣಗೆರೆ: ಹಾಗಾದರೆ ನಮ್ಮ ಜೀನ್ ಕೂಡ ಎಡಿಟ್ ಮಾಡಿ ಸರಿಪಡಿಸಬಹುದಾ?

ಕೌನ್ಸೆಲರ್: ಇಲ್ಲ. ಇದು ಲ್ಯಾಬಿನಲ್ಲಿ ಬೆಳೆಸಿದ ಕೋಶಗಳ ಮಾತು.

ಸದಸ್ಯೆ, ಉಡುಪಿ: ಲಕ್ಷ್ಮಣಫಲದ ಎಲೆಯ ಕಷಾಯ 21 ದಿನ ಕುಡಿದರೆ ಜೀನ್ ಶುದ್ಧವಾಗುತ್ತದಂತೆ. ಫಾರ್ವರ್ಡ್ ಬಂದಿದೆ, ಹಾಕಲಾ?

ಕೌನ್ಸೆಲರ್: ಹಾಕಬೇಡಿ. ಕಷಾಯದಿಂದ ಡಿಎನ್‌ಎ ಅಕ್ಷರ ತಿದ್ದಲು ಆಗುವುದಿಲ್ಲ. ಆ ಎಲೆಯಲ್ಲಿರುವ ಅನೋನಾಸಿನ್ ನರಕೋಶಗಳಿಗೆ ವಿಷ. ಈ ವಾರ ಇದು ಮೂರನೇ ಸಲ ಹೇಳುತ್ತಿದ್ದೇನೆ.

ಸದಸ್ಯ, ಧಾರವಾಡ: ಹಿತ್ತಲ ಗಿಡ ಮದ್ದಲ್ಲ, ಅಲ್ವಾ? ನಮ್ಮಜ್ಜಿ ಕಷಾಯದಲ್ಲೇ 90 ದಾಟಿದರು.

ಸದಸ್ಯೆ, ಮೈಸೂರು: ಅಜ್ಜಿ ಕಷಾಯ ಕೊಟ್ಟದ್ದು ನೆಗಡಿಗೆ ಸರ್, ಕ್ಯಾನ್ಸರ್‌ಗಲ್ಲ.

ಸದಸ್ಯ, ಧಾರವಾಡ: ನಿಮ್ಮನ್ನು ಕೇಳಲಿಲ್ಲ.

ಸದಸ್ಯೆ, ಮೈಸೂರು: ಕೇಳದಿದ್ದರೂ ಹೇಳುತ್ತೇನೆ. ನಮ್ಮಕ್ಕ ಇಂಥದ್ದನ್ನೇ ನಂಬಿ ಎಂಟು ತಿಂಗಳು ಕಳೆದಳು. ಆಮೇಲೆ ಡಾಕ್ಟರ ಕೈಯಲ್ಲೂ ಏನೂ ಉಳಿದಿರಲಿಲ್ಲ.

ಸದಸ್ಯ, ತುಮಕೂರು: ಟೆಸ್ಟಿಗೆ ಎಷ್ಟಾಗುತ್ತದೆ? ಯಾರಾದರೂ ಹೇಳಿ.

ಸದಸ್ಯ, ಬಳ್ಳಾರಿ: ಮೇಡಂ, ಜೀನ್ ಎಡಿಟಿಂಗ್ ಬೆಂಗಳೂರಿನಲ್ಲಿ ಮಾಡಿಸಬಹುದಾ?

ಕೌನ್ಸೆಲರ್: ಮೇಲೆ ಓದಿ. ಹಾಸನದವರೇ, ಅಮ್ಮನ ವಿಷಯ ಹೇಳಲಿಲ್ಲ?

ಸದಸ್ಯೆ, ಹಾಸನ: ಅಮ್ಮ ತೀರಿಕೊಂಡು ಆರು ವರ್ಷ ಮೇಡಂ. ಅಮ್ಮನ ತಂಗಿ, ನನ್ನ ಚಿಕ್ಕಮ್ಮನಿಗೂ ಬಂದಿತ್ತು, ಈಗ ಆರಾಮಾಗಿದ್ದಾರೆ.

ಕೌನ್ಸೆಲರ್: ಹಾಗಾದರೆ ಮೊದಲು ಚಿಕ್ಕಮ್ಮನ ಪರೀಕ್ಷೆ ಆಗಲಿ. ಅವರಲ್ಲೂ ಇದೇ ಬದಲಾವಣೆ ಇದೆಯಾ ನೋಡಬೇಕು, ಯಾಕೆಂದರೆ ಇದು ನಿಮಗೆ ಅಪ್ಪನ ಕಡೆಯಿಂದ ಬಂದಿರಲೂಬಹುದು. ಅಲ್ಲಿಯವರೆಗೆ ಸ್ತನ ತಪಾಸಣೆ ಮಾತ್ರ ತಪ್ಪಿಸಬೇಡಿ. ಚಿಕ್ಕಮ್ಮನನ್ನೂ ಕರೆದುಕೊಂಡು ಬನ್ನಿ.